ಮೀಟರ್ ಕೇರಳದ್ದು, ಸಲಹೆ ವಿಟ್ಲದ್ದು: ಕಾಸರಗೋಡಿನಲ್ಲಿ ಸೋಲಾರ್‌ಗೆ ಯಾರನ್ನು ಕೇಳಬೇಕು?

ಪ್ರಶ್ನೆ: ನಮ್ಮದು ಮಂಜೇಶ್ವರ ತಾಲೂಕಿನ ಪೈವಳಿಕೆ ಕಡೆ. ಅಂಗಳದಲ್ಲಿ ನಿಂತರೆ ಗುಡ್ಡೆಯ ಮೇಲಿನ ಸೋಲಾರ್ ಪಾರ್ಕ್ ಕಾಣುತ್ತದೆ. ಆದರೂ ಗಾಳಿಮಳೆ ಬಂತೆಂದರೆ ಮನೆಯಲ್ಲಿ ಕರೆಂಟಿಲ್ಲ, ಬೇಸಿಗೆಯಲ್ಲಿ ಪಂಪಿಗೆ ವೋಲ್ಟೇಜ್ ಇಲ್ಲ. ಅಕ್ಕಪಕ್ಕದ ಹತ್ತು ಹನ್ನೆರಡು ಅಡಕೆ ಕೃಷಿಕರು ಸೇರಿ ಮನೆಗೂ ಪಂಪಿಗೂ ಸೋಲಾರ್ ಮಾಡಿಸೋಣ ಎಂದು ಮಾತಾಡಿಕೊಂಡಿದ್ದೇವೆ. ಗಡಿಯಾಚೆ ಕರ್ನಾಟಕದ ವಿಟ್ಲದಲ್ಲಿರುವ ಭಾವ ತನಗೆ ಸೋಲಾರ್ ಪಂಪು ಐದರಲ್ಲೊಂದು ಪಾಲು ದುಡ್ಡಿಗೆ ಸಿಕ್ಕಿತು ಎನ್ನುತ್ತಾನೆ. ನಮಗೂ ಹಾಗೆ ಸಿಗುತ್ತದೆಯೇ? ಇದಕ್ಕೆಲ್ಲ ನೆರವಾಗುವ ಸಂಸ್ಥೆಗಳು ಯಾವುವು, ಮೊದಲು ಯಾರ ಹತ್ತಿರ ಹೋಗಬೇಕು? ಇನ್ನೊಂದು ವಿಷಯ. ನಮ್ಮ ಪದವಿನ (ಗುಡ್ಡೆಯ ಮೇಲಿನ ಬಯಲಿನ) ಐದೆಕರೆ ಜಾಗ ಸೋಲಾರ್‌ಗೆ ಲೀಸಿಗೆ ಕೊಡಿ ಎಂದು ಏಜೆಂಟರೊಬ್ಬರು ಬಂದು ಹೋಗಿದ್ದಾರೆ. ಕೊಡಬಹುದೇ?

ಉತ್ತರ: ಭಾವ ಸುಳ್ಳು ಹೇಳಿಲ್ಲ. ಆದರೆ ಆ ದರ ನಿಮಗೆ ಸಿಗುವುದಿಲ್ಲ. ಪಿಎಂ-ಕುಸುಮ್ ಯೋಜನೆಯಲ್ಲಿ ಸೋಲಾರ್ ಪಂಪಿಗೆ ಕೇಂದ್ರ ಸರ್ಕಾರ ಕೊಡುವುದು ಶೇ. 30. ಅದರ ಮೇಲೆ ಎಷ್ಟು ಹಾಕಬೇಕೆಂಬುದು ಆಯಾ ರಾಜ್ಯಕ್ಕೆ ಬಿಟ್ಟದ್ದು. ಕರ್ನಾಟಕ ತನ್ನ ಪಾಲನ್ನು ಶೇ. 50ಕ್ಕೆ ಏರಿಸಿದ್ದರಿಂದ ಅಲ್ಲಿಯ ರೈತ ಕೈಯಿಂದ ಹಾಕುವುದು ಶೇ. 20 ಮಾತ್ರ. ಕೇರಳದಲ್ಲಿ ಕೇಂದ್ರದ್ದು 30, ರಾಜ್ಯದ್ದು 30, ಉಳಿದ 40 ರೈತನ ತಲೆಗೆ. ಈ ಶೇಕಡಾ ಲೆಕ್ಕವೂ ಅಂಗಡಿಯವರು ಬರೆದುಕೊಟ್ಟ ಬಿಲ್ಲಿನ ಮೇಲೆ ಆಗುವುದಿಲ್ಲ. ಕೇಂದ್ರದ ನವೀಕರಣ ಇಂಧನ ಸಚಿವಾಲಯದ ಮಾನದಂಡ ದರ, ಟೆಂಡರ್ ದರ ಇವೆರಡರಲ್ಲಿ ಕಡಿಮೆ ಯಾವುದೋ ಅದರ ಮೇಲೆ ಆಗುತ್ತದೆ. ಹಾಗಾಗಿ ಒಂದೇ ಕಂಪೆನಿಯ ಒಂದೇ ಪಂಪಿಗೆ ವಿಟ್ಲದಲ್ಲೊಂದು, ಪೈವಳಿಕೆಯಲ್ಲೊಂದು ಬೆಲೆ.

ಗಡಿನಾಡಿನಲ್ಲಿ ನೆಂಟಸ್ತಿಕೆ, ಅಡಕೆ ಮಾರುಕಟ್ಟೆ, ಆಸ್ಪತ್ರೆ ಎಲ್ಲ ಮಂಗಳೂರು, ಪುತ್ತೂರಿನ ಕಡೆಗೇ ಇರುವುದರಿಂದ ಸೋಲಾರ್ ವಿಚಾರಿಸುವುದಕ್ಕೂ ಜನ ಅತ್ತಲೇ ಮುಖ ಮಾಡುತ್ತಾರೆ. ಅಲ್ಲಿಯ ವಿದ್ಯುತ್ ಕಂಪೆನಿ ಮೆಸ್ಕಾಂ ಆಗಲಿ, ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ, ಅಂದರೆ ಕ್ರೆಡಲ್ ಆಗಲಿ, ನಿಮಗೆ ಒಂದು ಪೈಸೆಯ ಸಹಾಯವನ್ನೂ ಮಾಡಲಾರದು. ಮೀಟರ್ ಯಾವ ರಾಜ್ಯದ್ದೋ ಸಬ್ಸಿಡಿಯೂ ಆ ರಾಜ್ಯದ್ದೇ. ನಿಮ್ಮ ಗುಂಪಿನಲ್ಲಿ ಯಾರಿಗಾದರೂ ಆಚೆ ಬದಿಯಲ್ಲೂ ತೋಟವಿದ್ದು, ಅಲ್ಲಿ ಪಹಣಿ ಅವರ ಹೆಸರಿನಲ್ಲೇ ಇದ್ದರೆ ಮಾತು ಬೇರೆ. ಆ ತೋಟಕ್ಕೆ ಅವರು ಕರ್ನಾಟಕದಲ್ಲಿ ಅರ್ಜಿ ಹಾಕಬಹುದು, ಹಾಕಲೇಬೇಕು. ಈಚೆ ಬದಿಯ ತೋಟಕ್ಕೆ ಮಾತ್ರ ತಿರುವನಂತಪುರದ ಕಡೆಗೇ ನೋಡಬೇಕು.

ಇನ್ನು ಗುಡ್ಡೆಯ ಮೇಲಿನ ಪಾರ್ಕು. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ ಸುಮಾರು 250 ಎಕರೆಯಲ್ಲಿ ಹರಡಿರುವ 50 ಮೆಗಾವಾಟಿನ ಆ ಸ್ಥಾವರವನ್ನು ಕಟ್ಟಿದ್ದು ಕೇಂದ್ರದ ವಿದ್ಯುತ್ ಕಂಪೆನಿ ಟಿಎಚ್‌ಡಿಸಿ ಇಂಡಿಯಾ. 2021ರ ಫೆಬ್ರವರಿಯಲ್ಲಿ ಪ್ರಧಾನಿ ಅದನ್ನು ಉದ್ಘಾಟಿಸಿದರು. ಜಿಲ್ಲೆಯ ದಕ್ಷಿಣಕ್ಕೆ ಅಂಬಲತ್ತರದಲ್ಲಿ ಇನ್ನೊಂದು 50 ಮೆಗಾವಾಟ್ ಇದೆ, ಅದು ನವೀಕರಣ ಇಂಧನಕ್ಕೆ ಸಾಲ ಕೊಡುವ ಕೇಂದ್ರದ ಸಂಸ್ಥೆ ಇರೆಡಾದ್ದು. ಜಾಗ, ರಸ್ತೆ, ಲೈನು ಒದಗಿಸುವ ಪಾರ್ಕಿನ ಕೆಲಸ ಕೇಂದ್ರದ ಸೋಲಾರ್ ನಿಗಮ ಸೆಕಿ ಮತ್ತು ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿ ಸೇರಿ ಮಾಡಿಕೊಂಡ ರಿನ್ಯೂವೆಬಲ್ ಪವರ್ ಕಾರ್ಪೊರೇಷನ್ ಆಫ್ ಕೇರಳದ್ದು. ಇವೆಲ್ಲ ಮೆಗಾವಾಟಿನಲ್ಲಿ ವ್ಯವಹರಿಸುವ ಸಂಸ್ಥೆಗಳು. ಮನೆಯ ಮಾಡಿನ (ಚಾವಣಿಯ) ಮೇಲೆ ಮೂರು ಕಿಲೋವಾಟ್ ಹಾಕುವವರು ಹೋಗಿ ಕೇಳಿದರೆ ಅವರ ಹತ್ತಿರ ಕೊಡಲು ಅರ್ಜಿ ಫಾರಂ ಕೂಡ ಇಲ್ಲ.

ಪಾರ್ಕಿನ ವಿದ್ಯುತ್ತು ಹೈಟೆನ್ಷನ್ ಲೈನಿನಲ್ಲಿ ಗ್ರಿಡ್ಡಿಗೆ ಹೋಗುತ್ತದೆ. ನಿಮ್ಮ ಮನೆಗೆ ಬರುವುದು ಕಂಗು (ಅಡಕೆ ಮರ), ತೆಂಗು, ಹಲಸಿನ ನಡುವೆ ಎಳೆದ 11 ಕೆವಿ ಲೈನು, ಅದರ ಕೊನೆಯ ಟ್ರಾನ್ಸ್‌ಫಾರ್ಮರಿನಿಂದ. ಸೋಗೆಯೊಂದು ತಂತಿಯ ಮೇಲೆ ಬಿದ್ದರೆ ಗುಡ್ಡೆಯ ಮೇಲೆ 50 ಮೆಗಾವಾಟ್ ಹುಟ್ಟುತ್ತಿದ್ದರೂ ನಿಮ್ಮ ಮನೆ ಕತ್ತಲೆಯೇ. ಊರಿನಲ್ಲಿ ಪಾರ್ಕ್ ಇದ್ದದ್ದಕ್ಕೆ ಊರಿಗೆ ವಿದ್ಯುತ್ತಿನ ಹಕ್ಕೇನೂ ಹುಟ್ಟುವುದಿಲ್ಲ. ಇದು ಸರಿಯೇ ಎಂದು ಕೇಳಿದರೆ, ಸರಿಯಲ್ಲ ಎನ್ನುವವರಲ್ಲಿ ನಾನೂ ಒಬ್ಬ. 250 ಎಕರೆ ಬಿಟ್ಟುಕೊಟ್ಟ ಗ್ರಾಮಗಳ ಲೈನು, ಟ್ರಾನ್ಸ್‌ಫಾರ್ಮರು ಸುಧಾರಿಸುವ ಖರ್ಚನ್ನು ಪಾರ್ಕಿನ ಲೆಕ್ಕಕ್ಕೇ ಸೇರಿಸಬೇಕಿತ್ತು. ಗ್ರಾಮಸಭೆಯಲ್ಲಿ ಎತ್ತಬಹುದಾದ ಮಾತು ಅದು.

ನಿಮ್ಮ ಕೆಲಸಕ್ಕೆ ಬೇಕಾದ ಕಚೇರಿಗಳು ಹೆಚ್ಚೇನಿಲ್ಲ. ಮೊದಲನೆಯದು ನಿಮ್ಮ ಕೆಎಸ್‌ಇಬಿ ಸೆಕ್ಷನ್ ಆಫೀಸು. ಮಾಡಿನ ಸೋಲಾರಿಗೆ ಅನುಮತಿ, ಮೀಟರ್ ಬದಲಾವಣೆ, ಗ್ರಿಡ್ ಜೋಡಣೆ ಎಲ್ಲ ಅಲ್ಲೇ. ಎರಡನೆಯದು ಅನೆರ್ಟ್. 1986ರಲ್ಲಿ ಹುಟ್ಟಿದ ಈ ಸಂಸ್ಥೆ ಕೇರಳದಲ್ಲಿ ಕೇಂದ್ರದ ನವೀಕರಣ ಇಂಧನ ಸಚಿವಾಲಯದ ನೋಡಲ್ ಏಜೆನ್ಸಿ. ಕಾಸರಗೋಡಿನಲ್ಲೂ ಅದರ ಜಿಲ್ಲಾ ಕಚೇರಿ ಇದೆ, ಪಂಪಿನ ವಿಚಾರ ಅಲ್ಲಿ. ಎನರ್ಜಿ ಮ್ಯಾನೇಜ್‌ಮೆಂಟ್ ಸೆಂಟರ್ ಎಂಬುದೊಂದಿದೆ, ಅದರ ಕೆಲಸ ಇಂಧನ ಉಳಿತಾಯ ಮತ್ತು ಕಿರು ಜಲವಿದ್ಯುತ್. ನಿಮಗೆ ಸದ್ಯ ಅದರ ಅಗತ್ಯ ಬೀಳದು. ಇವರೆಲ್ಲರ ಮೇಲೆ ದರ, ನಿಯಮ ಹಾಕುವುದು ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಅದು ಅರ್ಜಿ ತೆಗೆದುಕೊಳ್ಳುವುದಿಲ್ಲ, ಆದರೆ ನಿಮ್ಮ ಸೋಲಾರ್ ಲಾಭವೋ ನಷ್ಟವೋ ಎಂಬುದು ತೀರ್ಮಾನವಾಗುವುದು ಅಲ್ಲಿಯೇ.

ಮನೆಯ ಮಾಡಿಗೆ ಈಗ ಇರುವುದು 2024ರ ಫೆಬ್ರವರಿಯಲ್ಲಿ ಶುರುವಾದ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ. ಮೊದಲ ಎರಡು ಕಿಲೋವಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000; ಒಟ್ಟು 78,000ಕ್ಕೆ ಮುಗಿಯಿತು. ಐದು ಹಾಕಿದರೂ ಹತ್ತು ಹಾಕಿದರೂ ಸಬ್ಸಿಡಿ ಅಷ್ಟೇ. ರಾಷ್ಟ್ರೀಯ ಪೋರ್ಟಲಿನಲ್ಲಿ ನಿಮ್ಮ 13 ಅಂಕಿಯ ಕನ್ಸ್ಯೂಮರ್ ನಂಬರ್ ಹಾಕಿ ನೋಂದಾಯಿಸಬೇಕು, ನೋಂದಾಯಿತ ಗುತ್ತಿಗೆದಾರರಿಂದಲೇ ಕೆಲಸ ಮಾಡಿಸಬೇಕು, ಪ್ಯಾನೆಲಿನೊಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾದದ್ದಿರಬೇಕು. ಹಣ ನೇರ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. 10 ಕಿಲೋವಾಟಿನವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆ ಆಗಿಯೇ ಇದೆ ಎಂದು ಪರಿಗಣಿಸಬೇಕು, 5 ಕಿಲೋವಾಟಿನವರೆಗೆ ಲೈನು ಬಲಪಡಿಸುವ ಖರ್ಚು ವಿತರಣಾ ಕಂಪೆನಿಯದೇ ಎಂದು 2024ರಲ್ಲಿ ಕೇಂದ್ರದ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ಬಂದಿದೆ. ಟ್ರಾನ್ಸ್‌ಫಾರ್ಮರ್ ಸಾಲದು ಎಂದು ಯಾರಾದರೂ ಬಾಯಿಮಾತಿನಲ್ಲಿ ವಾಪಸು ಕಳಿಸಿದರೆ ಇದನ್ನು ನೆನಪು ಮಾಡಿಕೊಡಿ, ಉತ್ತರವನ್ನು ಬರಹದಲ್ಲಿ ಕೇಳಿ.

ನಮ್ಮ ಕಡೆ ಅರ್ಜಿ ನಿಲ್ಲುವುದು ಹೆಚ್ಚಾಗಿ ತಾಂತ್ರಿಕ ಕಾರಣಕ್ಕಲ್ಲ. ಮೀಟರ್ ಇನ್ನೂ ಅಜ್ಜನ ಹೆಸರಿನಲ್ಲಿರುತ್ತದೆ, ಅಜ್ಜ ತೀರಿಕೊಂಡು ಇಪ್ಪತ್ತು ವರ್ಷವಾಗಿರುತ್ತದೆ, ಬ್ಯಾಂಕ್ ಖಾತೆ ಮೊಮ್ಮಗನದು. ಹೆಸರು ಹೊಂದದಿದ್ದರೆ ಸಬ್ಸಿಡಿ ಬಾರದು. ಆಸ್ತಿ ಪಾಲಾಗದ ಮನೆಗಳಲ್ಲಿ ಇದಕ್ಕೇ ತಿಂಗಳುಗಟ್ಟಲೆ ಹೋಗುತ್ತದೆ. ಗುತ್ತಿಗೆದಾರರನ್ನು ಮಾತಾಡಿಸುವ ಮೊದಲು ಹನ್ನೆರಡೂ ಮನೆಯವರು ಬಿಲ್ಲು ತೆಗೆದು ಯಾರ ಹೆಸರಿದೆ ನೋಡಿಕೊಳ್ಳಿ.

ಎಷ್ಟು ಕಿಲೋವಾಟ್ ಬೇಕು ಎಂಬುದಕ್ಕೆ ಏಜೆಂಟರು ಒಂದೇ ಉತ್ತರ ಹೇಳುತ್ತಾರೆ: ಮೂರು. ಸಬ್ಸಿಡಿಯ ಗರಿಷ್ಠ ಅಲ್ಲಿಗೆ ಮುಗಿಯುತ್ತದಲ್ಲ, ಅದಕ್ಕೆ. ನೀವು ನಿಮ್ಮ ಬಿಲ್ಲು ನೋಡಿ ಹೇಳಿ. ಒಂದು ಕಿಲೋವಾಟಿಗೆ ವರ್ಷದ ಸರಾಸರಿ ದಿನಕ್ಕೆ ನಾಲ್ಕು ಯೂನಿಟ್ ಹಿಡಿಯಬಹುದು. ಆಟಿ ತಿಂಗಳಿನಲ್ಲಿ (ಜುಲೈ-ಆಗಸ್ಟ್) ಅದು ಅರ್ಧಕ್ಕೂ ಇಳಿಯುತ್ತದೆ, ಫೆಬ್ರವರಿ-ಮಾರ್ಚಿನಲ್ಲಿ ಮೇಲೇರುತ್ತದೆ. ಅಂದರೆ ಎರಡು ಕಿಲೋವಾಟಿಗೆ ತಿಂಗಳಿಗೆ ಸುಮಾರು 240 ಯೂನಿಟ್. ಕೇರಳದಲ್ಲಿ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದರಿಂದ ಹೋಲಿಸುವಾಗ ಅರ್ಧ ಮಾಡಿ ನೋಡಿ. ತಿಂಗಳ ಬಳಕೆ 250 ಯೂನಿಟ್ ದಾಟಿದರೆ ಇಲ್ಲಿ ಹಂತ ಹಂತದ ದರ ಹೋಗಿ, ಮೊದಲ ಯೂನಿಟಿನಿಂದಲೇ ಒಂದೇ ಮೇಲಿನ ದರ ಬೀಳುತ್ತದೆ. ಆ ಗೆರೆ ದಾಟುವ ಮನೆಗೆ ಸೋಲಾರ್ ನಿಶ್ಚಯವಾಗಿ ಲಾಭ. ನೂರು ನೂರಿಪ್ಪತ್ತು ಯೂನಿಟಿನಲ್ಲಿ ತಿಂಗಳು ಕಳೆಯುವ, ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಬಂಡವಾಳ ವಾಪಸಾಗಲು ಬಹಳ ಕಾಲ ಬೇಕು. ಅಂಥವರಿಗೆ ನಾನು ಅವಸರ ಮಾಡಬೇಡಿ ಎಂದೇ ಹೇಳುತ್ತೇನೆ. ಮಾಡಿನ ಜಾಗ ಒಂದು ಕಿಲೋವಾಟಿಗೆ ಸುಮಾರು ನೂರು ಚದರ ಅಡಿ, ಅದರ ಮೇಲೆ ತೆಂಗಿನ ನೆರಳು ಬೀಳಬಾರದು. ಹಂಚಿನ ಮಾಡಿನ ಮೇಲೆ ಹಾಕುವುದಾದರೆ ಅಡಿಯ ಪಕ್ಕಾಸು ಭಾರ ಹೊರುತ್ತದೆಯೇ ಎಂದು ಬಡಗಿಗೆ ತೋರಿಸಿ. ಅಂಗಳದಲ್ಲಿ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸುವುದೇ ಎಷ್ಟೋ ಸಲ ಮೇಲು.

ಈಗ ಕರೆಂಟು ಹೋಗುವ ಪ್ರಶ್ನೆ. ಬಹಳ ಮಂದಿಗೆ ನಿರಾಸೆಯಾಗುವುದು ಇಲ್ಲಿ. ಗ್ರಿಡ್ಡಿಗೆ ಜೋಡಿಸಿದ ಸಾಮಾನ್ಯ ಸೋಲಾರ್, ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ಮಾಡಿನ ಮೇಲೆ ಬಿಸಿಲು ಉರಿಯುತ್ತಿದ್ದರೂ ಒಳಗೆ ಫ್ಯಾನು ತಿರುಗುವುದಿಲ್ಲ. ಅದು ದೋಷವಲ್ಲ, ಉದ್ದೇಶಪೂರ್ವಕ ವ್ಯವಸ್ಥೆ. ತುಂಡಾದ ತಂತಿ ಸರಿಮಾಡಲು ಕಂಬ ಹತ್ತಿದ ಲೈನ್‌ಮ್ಯಾನಿಗೆ ನಿಮ್ಮ ಮನೆಯಿಂದ ಹಿಂದಕ್ಕೆ ಹರಿದ ವಿದ್ಯುತ್ತು ಹೊಡೆಯಬಾರದಲ್ಲ. ನಿಮ್ಮ ಮೊದಲ ದೂರು ಕರೆಂಟು ಹೋಗುವುದೇ ಆದ್ದರಿಂದ ನಿಮಗೆ ಬೇಕಾದದ್ದು ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್, ಅದರ ಖರ್ಚು ಬೇರೆ, ಬ್ಯಾಟರಿಗೆ ಸೂರ್ಯಘರ್ ಸಬ್ಸಿಡಿ ಇಲ್ಲ. ಇಡೀ ಮನೆಗೆ ಬ್ಯಾಟರಿ ಹಾಕಿಸಬೇಡಿ. ದೀಪ, ಫ್ಯಾನು, ಫ್ರಿಜ್ಜು, ಮೊಬೈಲು ಇಷ್ಟಕ್ಕೆ ಪ್ರತ್ಯೇಕ ಸರ್ಕ್ಯೂಟ್ ಮಾಡಿಸಿ ಅದಕ್ಕೆ ಮಾತ್ರ ಕೊಡಿ. ಮಿಕ್ಸಿ, ಗ್ರೈಂಡರು, ಗೀಸರು ಗ್ರಿಡ್ಡಿನಲ್ಲೇ ಇರಲಿ. ಕೊಟೇಶನಿನಲ್ಲಿ ‘ಹೈಬ್ರಿಡ್’ ಎಂದು ಬರೆದಿದ್ದರೂ ಕರೆಂಟು ಹೋದಾಗ ಯಾವ ಯಾವ ಪಾಯಿಂಟ್ ನಡೆಯುತ್ತದೆ ಎಂಬುದನ್ನು ಬರೆಸಿಕೊಳ್ಳಿ.

ಪಂಪಿನ ವಿಷಯಕ್ಕೆ ಬಂದರೆ, ಸೋಲಾರಿಗೂ ಅಡಕೆ ತೋಟಕ್ಕೂ ಇರುವಷ್ಟು ಹೊಂದಾಣಿಕೆ ಬೇರೆ ಕೃಷಿಯಲ್ಲಿ ಅಪರೂಪ. ನೀರು ಬೇಕಾಗುವುದು ಡಿಸೆಂಬರಿನಿಂದ ಮೇ ತನಕ, ಬಿಸಿಲು ಜೋರಿರುವುದೂ ಆಗಲೇ. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಪಂಪು ಮಲಗಿರುತ್ತದೆ, ಆಗ ಪ್ಯಾನೆಲ್ ಮಾಡಿದ ವಿದ್ಯುತ್ತು ಗ್ರಿಡ್ಡಿಗೆ ಹೋಗಿ ಲೆಕ್ಕಕ್ಕೆ ಬರಬಹುದು. ಇರುವ ಕರೆಂಟ್ ಪಂಪಿಗೇ ಸೋಲಾರ್ ಜೋಡಿಸುವ ಕುಸುಮ್ ‘ಸಿ’ ವಿಭಾಗ ಇದಕ್ಕೆಂದೇ ಇರುವುದು. 7.5 ಅಶ್ವಶಕ್ತಿಯ ಪಂಪಿನವರೆಗೆ ನೆರವಿದೆ, ಪಂಪಿನ ಸಾಮರ್ಥ್ಯದ ಎರಡು ಪಟ್ಟಿನವರೆಗೆ ಪ್ಯಾನೆಲ್ ಹಾಕಲು ಕೇಂದ್ರದ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಕೇರಳದಲ್ಲಿ ಇದನ್ನು ನಡೆಸುವುದು ಅನೆರ್ಟ್. ಈ ಯೋಜನೆಯ ಮೊದಲ ಘಟ್ಟಕ್ಕೆ ಕೇಂದ್ರ ಇಟ್ಟ ಗಡುವು 2026ರ ಮಾರ್ಚ್. ಆದ್ದರಿಂದ ಯಾರ ಕೈಗೂ ಮುಂಗಡ ಕೊಡುವ ಮೊದಲು ಈಗ ಯಾವ ಘಟ್ಟದ ಅರ್ಜಿ ನಡೆಯುತ್ತಿದೆ, ಟೆಂಡರ್ ದರ ಎಷ್ಟು ಎಂದು ಜಿಲ್ಲಾ ಕಚೇರಿಯಲ್ಲಿ ಕೇಳಿಯೇ ಹೆಜ್ಜೆಯಿಡಿ.

ಆದರೆ ನಿಮ್ಮ ತೊಂದರೆ ವೋಲ್ಟೇಜಿನದು. ಲೈನಿನ ಕೊನೆಯಲ್ಲಿ ಮಾರ್ಚ್ ತಿಂಗಳ ಮಧ್ಯಾಹ್ನ ವೋಲ್ಟೇಜ್ ಬಿದ್ದು ಮಿತಿಗಿಂತ ಕೆಳಗಿಳಿದರೆ ಗ್ರಿಡ್ ಇನ್ವರ್ಟರೂ ಕೈಚೆಲ್ಲುತ್ತದೆ. ಹನ್ನೆರಡು ಮಂದಿಯೂ ಒಂದೇ ಟ್ರಾನ್ಸ್‌ಫಾರ್ಮರಿನಲ್ಲಿದ್ದು ಎಲ್ಲರೂ ಸೋಲಾರ್ ಹಾಕಿದರೆ, ಯಾರೂ ಪಂಪು ಬಿಡದ ಹೊತ್ತಿನಲ್ಲಿ ಅದೇ ಲೈನಿನಲ್ಲಿ ವೋಲ್ಟೇಜ್ ಮೇಲಕ್ಕೇರಿ ಇನ್ವರ್ಟರುಗಳು ಒಂದೊಂದಾಗಿ ಕಳಚಿಕೊಳ್ಳುವುದೂ ಉಂಟು. ಹಾಗಾಗಿ ಸೋಲಾರಿಗೆ ಮೊದಲು ಹನ್ನೆರಡು ಸಹಿ ಹಾಕಿದ ಒಂದು ಅರ್ಜಿ ಸೆಕ್ಷನ್ ಆಫೀಸಿಗೆ ಹೋಗಲಿ: ಲೈನು ಪರೀಕ್ಷಿಸಿ, ಟ್ರಾನ್ಸ್‌ಫಾರ್ಮರ್ ಸಾಮರ್ಥ್ಯ ಏರಿಸಿ ಎಂದು. ಬಿಡಿ ಬಿಡಿಯಾಗಿ 1912ಕ್ಕೆ ಫೋನ್ ಮಾಡಿದ್ದಕ್ಕಿಂತ ಅದಕ್ಕೆ ಬೆಲೆ ಹೆಚ್ಚು. ಪರಿಹಾರ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆ, ಅದರ ಮೇಲೆ ಎರ್ನಾಕುಳಂನ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ಲೈನು ಬಾರದ ಗುಡ್ಡೆಯ ಬದಿಯ ತೋಟವಾದರೆ ಗ್ರಿಡ್ಡಿನ ಗೊಡವೆಯೇ ಬೇಡ, ನೇರ ಪ್ಯಾನೆಲಿನಲ್ಲಿ ನಡೆಯುವ ಪಂಪು, ಮೇಲೊಂದು ಟ್ಯಾಂಕಿ ಸಾಕು. ಮೂಲದಿಂದ ತಾನಾಗಿ ನೀರು ಹರಿದುಬರುವ ಸುರಂಗ ಇದ್ದವರು ಪಂಪಿನ ಮಾತೇ ಎತ್ತದಿರುವುದು ಕ್ಷೇಮ.

ಇನ್ನೊಂದು ಲೆಕ್ಕವೂ ಇದೆ. ಅರ್ಹ ಸಣ್ಣ ಕೃಷಿಕರ ಪಂಪಿನ ಬಿಲ್ಲನ್ನು ಕೃಷಿ ಭವನದ ಮೂಲಕ ಕೃಷಿ ಇಲಾಖೆಯೇ ಭರಿಸುವ ಸೌಲಭ್ಯ ಕೇರಳದಲ್ಲಿದೆ. ಅದು ನಿಮಗೆ ಸಿಗುತ್ತಿದ್ದರೆ, ಬಿಲ್ಲು ಉಳಿಸುವುದಕ್ಕಾಗಿ ಶೇ. 40 ಕೈಯಿಂದ ಹಾಕುವುದರಲ್ಲಿ ಅರ್ಥವಿಲ್ಲ. ಹಗಲು ನೀರು ಖಾತ್ರಿಯಾಗಬೇಕು, ರಾತ್ರಿ ಟಾರ್ಚ್ ಹಿಡಿದು ತೋಟಕ್ಕೆ ಇಳಿಯುವುದು ತಪ್ಪಬೇಕು ಎಂಬುದಾದರೆ ಮಾತ್ರ ಹಾಕಿ.

ಗ್ರಿಡ್ಡಿಗೆ ಕೊಟ್ಟ ಯೂನಿಟಿನ ಲೆಕ್ಕ, ಅಂದರೆ ನೆಟ್ ಮೀಟರಿಂಗ್, ಕೇರಳದಲ್ಲಿ ಈಗ ಎಳೆದಾಟದ ವಿಷಯ. ಆಯೋಗದ 2020ರ ನಿಯಮಾವಳಿ ಮನೆಯವರಿಗೆ ಅನುಕೂಲಕರವಾಗಿತ್ತು. 2025ರಲ್ಲಿ ಆ ಅನುಕೂಲ ಕಡಿಮೆ ಮಾಡುವ ಹೊಸ ನಿಯಮಾವಳಿಯ ಕರಡು ಬಂದಾಗ ರಾಜ್ಯದುದ್ದಕ್ಕೂ ಸೋಲಾರ್ ಮನೆಯವರು ಎದ್ದು ನಿಂತರು. ಕೆಎಸ್‌ಇಬಿಯ ವಾದದಲ್ಲಿ ಹುರುಳಿಲ್ಲದಿಲ್ಲ. ಮಧ್ಯಾಹ್ನ ಎಲ್ಲರ ಮಾಡೂ ವಿದ್ಯುತ್ ಸುರಿಯುತ್ತದೆ, ಸಂಜೆ ಏಳರ ಮೇಲೆ ಅದೇ ಮನೆಗಳು ವಾಪಸು ಕೇಳುತ್ತವೆ, ಆಗ ಮಂಡಳಿ ಹೊರಗಿನಿಂದ ದುಬಾರಿಗೆ ಕೊಳ್ಳಬೇಕು. ನಮ್ಮ ಜಿಲ್ಲೆಯ ಮೈಲಾಟ್ಟಿಯ ಸಬ್‌ಸ್ಟೇಷನಿನ ಬಳಿ 125 ಮೆಗಾವಾಟಿನ, ನಾಲ್ಕು ಗಂಟೆ ಕೊಡಬಲ್ಲ ಬ್ಯಾಟರಿ ಸ್ಥಾವರ ಯೋಜಿಸಿದ್ದು ಈ ಕಾರಣಕ್ಕೇ. ನಿಮಗೆ ನನ್ನ ಸಲಹೆ ಇಷ್ಟು: ಮಾರಿ ಲಾಭ ಮಾಡುವ ಲೆಕ್ಕ ಹಾಕಬೇಡಿ, ನಿಮ್ಮ ಬಳಕೆಗೆ ಬೇಕಾದಷ್ಟೇ ಹಾಕಿ, ತೊಳೆಯುವುದು, ರುಬ್ಬುವುದು, ಟ್ಯಾಂಕಿಗೆ ನೀರೇರಿಸುವುದು ಹಗಲಿಗೆ ಬರಲಿ. ನಿಯಮ ಹೇಗೆ ತಿರುಗಿದರೂ ಹಾಗೆ ಮಾಡಿದವರಿಗೆ ಪೆಟ್ಟು ಕಡಿಮೆ.

ದುಡ್ಡಿನ ವಿಷಯದಲ್ಲಿ ಮಾತ್ರ ಗಡಿಯಾಚೆಯ ನಂಟು ಉಪಯೋಗಕ್ಕೆ ಬರುತ್ತದೆ. ಸೂರ್ಯಘರ್‌ನ ಮೂರು ಕಿಲೋವಾಟಿನವರೆಗೆ ರಾಷ್ಟ್ರೀಕೃತ ಬ್ಯಾಂಕುಗಳು ಎರಡು ಲಕ್ಷದ ತನಕ ಜಾಮೀನಿಲ್ಲದೆ, ರಿಸರ್ವ್ ಬ್ಯಾಂಕಿನ ರೆಪೋ ದರಕ್ಕೆ ಅರ್ಧ ಶೇಕಡಾದಷ್ಟು ಸೇರಿಸಿ ಸಾಲ ಕೊಡುತ್ತವೆ. ಇದಕ್ಕೆ ಖಾಸಗಿ ಫೈನಾನ್ಸಿನ ಬಾಗಿಲು ತಟ್ಟುವ ಅಗತ್ಯವಿಲ್ಲ. ಮನೆಗೆ ಸೋಲಾರ್ ಹಾಕಲು ಬ್ಯಾಂಕ್ ಸಾಲ ಎಂಬ ರೂಢಿ ಬೆಳೆದದ್ದೇ ನಮ್ಮ ಈ ಕರಾವಳಿಯಲ್ಲಿ ಎಂಬುದು ಹೊಸಬರಿಗೆ ತಿಳಿಯದು. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಕಟ್ಟಿದ ಸೆಲ್ಕೋ, ಕರೆಂಟಿಲ್ಲದ ಮನೆಗಳಿಗೆ ಕಂತಿನಲ್ಲಿ ದೀಪ ಹಾಕಿಸುವ ದಾರಿ ಹುಡುಕಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕುಗಳ ಜೊತೆ ಸೋಲಾರ್ ಸಾಲಕ್ಕೆ ಬಡ್ಡಿ ರಿಯಾಯಿತಿಯ ಪ್ರಯೋಗ ಮಾಡಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯೂ ಸ್ವಸಹಾಯ ಗುಂಪುಗಳ ಮೂಲಕ ಸೋಲಾರ್ ದೀಪ, ಗೋಬರ್ ಗ್ಯಾಸಿಗೆ ಸಾಲ ಕೊಟ್ಟ ಅನುಭವವುಳ್ಳದ್ದು, ಕಾಸರಗೋಡಿನಲ್ಲೂ ಅದರ ಗುಂಪುಗಳಿವೆ. ಇವರು ನಿಮಗೆ ಕೇರಳದ ಸಬ್ಸಿಡಿ ಕೊಡಿಸಲಾರರು. ಆದರೆ ಕನ್ನಡದಲ್ಲಿ ಕೂತು ಲೆಕ್ಕ ಬಿಡಿಸಿ ಹೇಳಬಲ್ಲರು, ಸಣ್ಣ ಸಲಕರಣೆಗೆ ಸಾಲ ಒದಗಿಸಬಲ್ಲರು.

ಇಷ್ಟೆಲ್ಲ ಸಂಸ್ಥೆಗಳಿದ್ದೂ ನಮ್ಮ ಭಾಗದಲ್ಲಿ ಒಂದು ಕೊರತೆ ಹಾಗೇ ಇದೆ. ಅನುಮತಿ ಕೊಡುವವರಿದ್ದಾರೆ, ಸಬ್ಸಿಡಿ ಕೊಡುವವರಿದ್ದಾರೆ, ಸಾಲ ಕೊಡುವವರಿದ್ದಾರೆ, ಹಾಕಿ ಹೋಗುವವರಂತೂ ಬೇಕಾದಷ್ಟು. ಜುಲೈಯಲ್ಲಿ ಸಿಡಿಲು ಬಡಿದು ಇನ್ವರ್ಟರ್ ಸತ್ತರೆ ಪೈವಳಿಕೆಗೆ ಬರುವವರು ಯಾರು? ಗುತ್ತಿಗೆದಾರರು ಕಣ್ಣೂರಿನಲ್ಲೋ ಕೋಝಿಕ್ಕೋಡಿನಲ್ಲೋ ಇರುತ್ತಾರೆ. ಸೂರ್ಯಘರ್‌ನಲ್ಲಿ ಐದು ವರ್ಷದ ನಿರ್ವಹಣೆ ಗುತ್ತಿಗೆದಾರರ ಹೊಣೆ ಎಂದು ಬರೆದಿದೆ. ಒಂದು ಮನೆಗಾಗಿ ಅಷ್ಟು ದೂರದಿಂದ ಯಾರೂ ಓಡಿ ಬರುವುದಿಲ್ಲ, ಒಂದೇ ಸುತ್ತಿನಲ್ಲಿ ಹನ್ನೆರಡು ಮನೆ ಇದ್ದರೆ ಬರುತ್ತಾರೆ. ನಿಮ್ಮ ಗುಂಪಿನ ನಿಜವಾದ ಬಲ ಇರುವುದು ಇಲ್ಲಿ. ಹನ್ನೆರಡು ಮಂದಿ ಹನ್ನೆರಡು ಕಂಪೆನಿ ಹಿಡಿಯಬೇಡಿ. ಮೂರು ಕೊಟೇಶನ್ ತರಿಸಿ, ಒಬ್ಬರನ್ನೇ ಆರಿಸಿ, ಒಂದೇ ಮಾದರಿಯ ಇನ್ವರ್ಟರ್ ಹಾಕಿಸಿ, ಸಿಡಿಲು ರಕ್ಷಣೆ ಮತ್ತು ಅರ್ತಿಂಗಿನ ವಿವರ ಬರೆಸಿ, ಊರಿನ ಐಟಿಐ ಕಲಿತ ಹುಡುಗನೊಬ್ಬನಿಗೆ ತರಬೇತಿ ಕೊಡಬೇಕೆಂಬ ಷರತ್ತನ್ನೂ ಒಪ್ಪಂದದಲ್ಲೇ ಹಾಕಿ. ಕೊನೆಯ ಕಂತಿನಲ್ಲಿ ಸ್ವಲ್ಪ ಹಣ ಒಂದು ಮಳೆಗಾಲ ದಾಟುವ ತನಕ ಹಿಡಿದಿಡಲು ಒಪ್ಪುವ ಗುತ್ತಿಗೆದಾರ ಸಿಕ್ಕಿದರೆ, ಎರಡು ಸಾವಿರ ಹೆಚ್ಚು ಕೇಳಿದರೂ ಅವನೇ ಸರಿ.

ಕೇರಳದಲ್ಲಿ ಹೀಗೆ ಸೇರಿ ಮಾಡಿದವರಿಲ್ಲದೆ ಇಲ್ಲ. ತೃಶೂರು ಜಿಲ್ಲೆಯ ಪೆರಿಂಜನಂ ಪಂಚಾಯತ್ ಮುಂದೆ ನಿಂತು ಮನೆಯವರನ್ನು ಒಟ್ಟುಗೂಡಿಸಿ ಮಾಡಿದ ‘ಪೆರಿಂಜನೋರ್ಜಂ’ ಇಂಥದೇ. ಅದಕ್ಕಿಂತ ದೊಡ್ಡ ಸಾಹಸ ಪಾಲಕ್ಕಾಡಿನದು. ಅಲ್ಲಿಯ ಜಿಲ್ಲಾ ಪಂಚಾಯತ್ 1999ರಲ್ಲಿ ತನ್ನದೇ ಕಂಪೆನಿ ಕಟ್ಟಿ, ಹದಿನೈದು ವರ್ಷ ಎಡತಾಕಿ, 2014ರಲ್ಲಿ ಮೀನ್‌ವಲ್ಲಂ ಎಂಬಲ್ಲಿ 3 ಮೆಗಾವಾಟಿನ ಜಲವಿದ್ಯುತ್ ಸ್ಥಾವರ ನಡೆಸಿ ತೋರಿಸಿತು. ಅಷ್ಟು ತಾಳ್ಮೆ ಎಲ್ಲರಿಂದ ಆಗದು. ನಿಮ್ಮ ಪಂಚಾಯತಿಗೆ ಈಗ ಸಣ್ಣದೊಂದು ಆಸೆಯನ್ನೂ ತೋರಿಸಬಹುದು: ಸೂರ್ಯಘರ್‌ನಲ್ಲಿ ತನ್ನ ವ್ಯಾಪ್ತಿಯ ಪ್ರತಿ ಮಾಡಿಗೆ ಸ್ಥಳೀಯ ಸಂಸ್ಥೆಗೆ 1,000 ರೂಪಾಯಿ ಪ್ರೋತ್ಸಾಹಧನ ಇದೆ, ಜಿಲ್ಲೆಗೊಂದು ಮಾದರಿ ಸೋಲಾರ್ ಗ್ರಾಮಕ್ಕೆ ಒಂದು ಕೋಟಿ ಇದೆ. ಸದಸ್ಯರಿಗೆ ಇದು ಗೊತ್ತಿಲ್ಲದಿದ್ದರೆ ಆಶ್ಚರ್ಯವಿಲ್ಲ, ನೀವೇ ಹೇಳಿ. ಊರಿನ ಸೇವಾ ಸಹಕಾರಿ ಬ್ಯಾಂಕಿನ ಆಡಳಿತ ಮಂಡಳಿಯನ್ನೂ ಮಾತಾಡಿಸಿ. ಗೊಬ್ಬರ ಮಾರುವ ಸೊಸೈಟಿ ಒಂದು ಇನ್ವರ್ಟರ್ ಸ್ಟಾಕ್ ಇಟ್ಟುಕೊಳ್ಳುವುದು ಅಸಾಧ್ಯವಾದ ಕೆಲಸವಲ್ಲ.

ಸೋಲಾರ್ ಪ್ಯಾನೆಲೊಂದನ್ನೇ ನವೀಕರಣ ಇಂಧನ ಎಂದುಕೊಳ್ಳಬೇಡಿ. ಹಟ್ಟಿಯಲ್ಲಿ ನಾಲ್ಕೈದು ದೊಡ್ಡ ದನಗಳಿದ್ದರೆ ದಿನಕ್ಕೆ 50 ಕಿಲೋ ಸೆಗಣಿಗೆ ಎರಡು ಘನಮೀಟರಿನ ಗೋಬರ್ ಗ್ಯಾಸ್ ನಡೆಯುತ್ತದೆ, ಸಣ್ಣ ಸಂಸಾರದ ಅಡುಗೆ ಆಗುತ್ತದೆ. ಕಾಸರಗೋಡು ಗಿಡ್ಡ ಎಂಬ ಸಣ್ಣ ತಳಿ ಸಾಕಿದವರು ದನಗಳ ಸಂಖ್ಯೆ ಎಣಿಸದೆ ಸೆಗಣಿ ತೂಗಿ ನೋಡಿ ತೀರ್ಮಾನಿಸಬೇಕು. ಅಡಕೆ ಒಣಗಿಸಲು ಪ್ಲಾಸ್ಟಿಕ್ ಹೊದಿಕೆಯ ಸೋಲಾರ್ ಗೂಡು ಯಾವ ಕಚೇರಿಯ ಅನುಮತಿಯನ್ನೂ ಕೇಳುವುದಿಲ್ಲ. ಕೊಬ್ಬರಿಯವರಿಗೆ ಗೆರಟೆ (ತೆಂಗಿನ ಚಿಪ್ಪು) ಉರಿಸಿ ನಡೆಸುವ ಡ್ರೈಯರನ್ನು ಕೂಡ್ಲಿನ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಎಂದೋ ಮಾಡಿಕೊಟ್ಟಿದೆ. ಗಾಳಿ ವಿದ್ಯುತ್ತಿನ ಆಸೆ ಬೇಡ, ಕೇರಳದಲ್ಲಿ ಅದಕ್ಕೆ ತಕ್ಕ ಗಾಳಿ ಪಾಲಕ್ಕಾಡ್ ಕಣಿವೆಯಲ್ಲಿ, ಇಡುಕ್ಕಿಯ ರಾಮಕ್ಕಲ್‌ಮೇಡಿನಲ್ಲಿ.

ಭಾಷೆಯ ಅಳುಕೂ ಬೇಡ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆ ಸ್ಥಳೀಯ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲೇ ಇದೆ. ಪೋರ್ಟಲಿನ ಫಾರಂ ಇಂಗ್ಲಿಷಿನಲ್ಲಿ ತುಂಬಿ, ದೂರು ಮತ್ತು ಮನವಿ ಕನ್ನಡದಲ್ಲಿ ಬರೆಯಿರಿ. ಮಲಯಾಳದಲ್ಲಿ ಬಂದ ಒಪ್ಪಂದ ಪತ್ರಕ್ಕೆ ಅರ್ಥವಾಗದೆ ಸಹಿ ಹಾಕಬೇಡಿ.

ಉಳಿದದ್ದು ಏಜೆಂಟರ ಲೀಸ್. ಐದೆಕರೆ ಕೇಳಿದ್ದರಲ್ಲಿ ತಪ್ಪಿಲ್ಲ, ಒಂದು ಮೆಗಾವಾಟಿಗೆ ಅಷ್ಟು ಬೇಕು. ರೈತರ ಜಾಗದಲ್ಲಿ 500 ಕಿಲೋವಾಟಿನಿಂದ 2 ಮೆಗಾವಾಟಿನ ಸ್ಥಾವರಕ್ಕೆ ಅವಕಾಶ ಕೊಡುವುದು ಕುಸುಮ್ ‘ಎ’ ವಿಭಾಗ. ರೈತರೇ, ಸಹಕಾರಿ ಸಂಘವೇ, ಪಂಚಾಯತಿಯೇ ಕಟ್ಟಬಹುದು, ಇಲ್ಲವೇ ಕಂಪೆನಿಗೆ ಲೀಸಿಗೆ ಕೊಡಬಹುದು. ಸಬ್‌ಸ್ಟೇಷನಿನಿಂದ ಐದು ಕಿಲೋಮೀಟರಿನೊಳಗಿದ್ದರೆ ಒಳ್ಳೆಯದು, ದೂರವಾದಷ್ಟೂ ಲೈನಿನ ಖರ್ಚು, ನಷ್ಟ. ಏಜೆಂಟರಲ್ಲಿ ಎರಡು ಕಾಗದ ಕೇಳಿ: ಆ ಸಬ್‌ಸ್ಟೇಷನಿನಲ್ಲಿ ಸಾಮರ್ಥ್ಯ ಉಳಿದಿದೆ ಎಂಬ ಕೆಎಸ್‌ಇಬಿಯ ಪತ್ರ, ವಿದ್ಯುತ್ ಖರೀದಿಯ ಟೆಂಡರ್ ಗೆದ್ದ ಆದೇಶ. ಎರಡೂ ಇಲ್ಲದಿದ್ದರೆ ಅವರು ಮಾಡುತ್ತಿರುವುದು ಜಾಗ ಕಟ್ಟಿಹಾಕಿ ಬೇರೆಯವರಿಗೆ ಮಾರುವ ದಂಧೆ. ಲೀಸ್ 25 ವರ್ಷದ್ದಾಗಿರುತ್ತದೆ. ಬಾಡಿಗೆ ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ, ಕಂಪೆನಿ ಕೈಬದಲಾದರೆ ಬಾಡಿಗೆಗೆ ಯಾರು ಹೊಣೆ, ಅವರ ಸಾಲಕ್ಕೆ ನಿಮ್ಮ ಜಾಗ ಅಡವಾಗುತ್ತದೆಯೇ, ಕೊನೆಯಲ್ಲಿ ಪ್ಯಾನೆಲು, ಕಾಂಕ್ರೀಟು ತೆಗೆದುಕೊಂಡು ಹೋಗುವವರು ಯಾರು, ಇವಿಷ್ಟನ್ನು ವಕೀಲರ ಮುಂದಿಟ್ಟು ಬರೆಸಿ. ಪದವೆಂದರೆ ಬರೀ ಮುರಕಲ್ಲಿನ ಬಂಜರು ಎಂದು ಏಜೆಂಟರು ಹೇಳಬಹುದು. ಮಳೆಗಾಲದಲ್ಲಿ ಅದರ ಮೇಲೆ ನಿಂತ ನೀರೇ ಇಳಿದು ಕೆಳಗಿನ ಸುರಂಗ, ಬಾವಿಗಳಿಗೆ ಬರುವುದು. ಕೊಡುವುದೇ ಆದರೆ ನೆಲ ಸಮತಟ್ಟು ಮಾಡಬಾರದು, ಮಳೆನೀರಿನ ಹಾದಿ ಕೆಡಿಸಬಾರದು ಎಂಬ ಷರತ್ತು ಹಾಕಿ. ಕೆಳಗೆ ತೋಟವಿರುವ ನೆರೆಕರೆಯವರನ್ನು ಸಹಿಗೆ ಮೊದಲೇ ಕೇಳಿ, ಬಾವಿ ಬತ್ತಿದ ಮೇಲಲ್ಲ.